ಕೈ ಭಟ್ಟರದು, ಬಾಯಿ ಮದರಾಸಿನದು

ಕಾದಂಬರಿಯ ಮೂಲೆಯಲ್ಲಿ ತೆಪ್ಪಗೆ ಕೂತವರನ್ನು ಎಬ್ಬಿಸಿ ತಂದು ಸಿನಿಮಾದ ನಡುಮನೆಯಲ್ಲಿ ಕೂರಿಸಿದರೆ ಇಂಥವು ಆಗುತ್ತಲೇ ಇರುತ್ತವೆ. ಇದನ್ನು ನನಗೆ ಮೊದಲು ಹೇಳಿದವರು ಪಕ್ಕದ ಮನೆಯ ಅಡುಗೆ ಭಟ್ಟರ ಹೆಂಡತಿ. ಕಾಂಪೌಂಡಿನಾಚೆ ಸಂಡಿಗೆ ಒಣಹಾಕುತ್ತಾ ನನ್ನಾಕೆಗೆ ಹೇಳುವ ನೆಪದಲ್ಲಿ ನನಗೂ ಕೇಳಿಸುವಂತೆ ಹೇಳಿದರು. ಕೆಲವನ್ನು ನಾನೇ ಕಣ್ಣಾರೆ ಕಂಡೆ.

ಆಗ ಜಯನಗರ ಇನ್ನೂ ಎಳೆಯದು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸವನಗುಡಿಯಿಂದ ಹಿಡಿದು ಈ ಕಡೆಯ ಮದುವೆಗಳಿಗೆಲ್ಲ ನಮ್ಮ ಭಟ್ಟರೇ ಆಗಬೇಕು. ಅವರಿಗೆ ಎರಡು ಖ್ಯಾತಿ. ದೇವರಿಗೆ ನೈವೇದ್ಯವಾಗುವ ಮುಂಚೆ ಒಂದು ತೊಟ್ಟು ಸಾರನ್ನೂ ನಾಲಿಗೆಗೆ ತಾಗಿಸಿದವರಲ್ಲ. ಪರಿಮಳದಲ್ಲೇ ಉಪ್ಪು ಹುಳಿ ಹೇಳುವವರು. ಇದು ಒಂದು. ಮನೆಯಲ್ಲಿ ಹೆಂಡತಿ ಮಾಡಿದ ಅಡುಗೆಯನ್ನು ಒಮ್ಮೆಯೂ ಹೊಗಳಿದವರಲ್ಲ. ಇದು ಇನ್ನೊಂದು. ಮೊದಲನೆಯದು ಊರಿಗೆ ಗೊತ್ತು, ಎರಡನೆಯದು ನಮ್ಮ ಕಾಂಪೌಂಡಿಗೆ ಗೊತ್ತು.

ಬೆಲ್ಲದ ಪ್ರಶ್ನೆ

ಆ ಕಾಲಕ್ಕೆ ಎಲ್ಲರೂ ಓದಿದ್ದ ಒಂದು ಹಳೆಯ ಕಾದಂಬರಿ. ಅದರ ಮದುವೆಯ ಅಧ್ಯಾಯದಲ್ಲಿ ಒಬ್ಬ ಅಡುಗೆಯವನು ಬಂದು, “ಇನ್ನು ಎಲೆ ಹಾಕಬಹುದು” ಎಂದು ಹೇಳಿ ಒಳಗೆ ಹೋಗುತ್ತಾನೆ. ಅಷ್ಟೇ ಅವನ ಪಾಲು. ಅವನೊಬ್ಬನ ಮೇಲೆಯೇ ಇಡೀ ಸಿನಿಮಾ ತೆಗೆಯುತ್ತೇನೆಂದು ಒಬ್ಬ ಡೈರೆಕ್ಟರು ಹೊರಟರು. ನಮ್ಮ ಬೀದಿಯ ಖಾಲಿ ಸೈಟಿನಲ್ಲೇ ಚಪ್ಪರ ಹಾಕಿಸಿದರು. ಹೀರೋ ಮದರಾಸಿನಿಂದ ಬಂದ. ಸೌಟು ಹಿಡಿದರೆ ಛತ್ರಿ ಹಿಡಿದ ಹಾಗಿರುತ್ತಿತ್ತು. ಆದ್ದರಿಂದ ಕೈ ಮಾತ್ರ ಕಾಣುವಲ್ಲಿ ನಮ್ಮ ಭಟ್ಟರ ಕೈ, ಮುಖ ಕಾಣುವಲ್ಲಿ ಹೀರೋ ಮುಖ ಎಂದು ನಿಶ್ಚಯವಾಯಿತು.

ಭಟ್ಟರು ಡೈರೆಕ್ಟರನ್ನು ಕೇಳಿದರು: “ಸ್ವಾಮಿ, ನಿಮ್ಮ ಈ ಅಡುಗೆಯವನು ಸಾರಿಗೆ ಬೆಲ್ಲ ಹಾಕ್ತಾನೋ, ಇಲ್ವೋ?”

“ಅದು ಕಾದಂಬರೀಲಿ ಇಲ್ಲ ಭಟ್ರೇ.”

“ಮದುವೆ ಆಗಿದೆಯೋ?”

“ಅದೂ ಇಲ್ಲ. ನಾವೇ ಒಂದು ಪ್ರೇಮ ಸೇರಿಸಿದ್ದೀವಿ.”

“ಪ್ರೇಮ ಇರ್ಲಿ, ಬೇಡ ಅನ್ನಲ್ಲ. ಬೆಲ್ಲದ ವಿಚಾರ ಗೊತ್ತಿಲ್ದೆ ಅವನನ್ನ ಮೂರು ಗಂಟೆ ಹೇಗೆ ಓಡಿಸ್ತೀರಿ?”

ಡೈರೆಕ್ಟರು ಯೋಚನೆಗೆ ಬಿದ್ದರು. ಮರುದಿನ ಕಥೆ ತಿದ್ದಿ, ನಾಯಕಿಯನ್ನು ಬೆಲ್ಲದ ಮಂಡಿಯವರ ಮಗಳನ್ನಾಗಿ ಮಾಡಿದರು.

ಎದ್ದವರು ಮತ್ತೆ ಕೂರುವಂತಿಲ್ಲ

ಮದುವೆಯೂಟದ ದೃಶ್ಯಕ್ಕೆ ನಮ್ಮ ಬೀದಿಯವರನ್ನೇ ಪಂಕ್ತಿಯಲ್ಲಿ ಕೂರಿಸಿದರು. ನಾನೂ ಕೂತೆ. ನನ್ನ ಪಕ್ಕದಲ್ಲಿ ರಿಟೈರಾದ ಗುಮಾಸ್ತರು. ಭಟ್ಟರ ನಿಜವಾದ ಅಡುಗೆ, ನಿಜವಾದ ಒಬ್ಬಟ್ಟು. ನಾಲ್ಕು ತುತ್ತು ಆಗುವಷ್ಟರಲ್ಲಿ ಸೂರ್ಯನಿಗೆ ಮೋಡ ಮುಚ್ಚಿತು.

“ಕಟ್! ಎಲ್ಲರೂ ಎದ್ದು ಹೋಗಿ, ಮತ್ತೆ ಬಂದು ಕೂತ್ಕೊಳ್ಳಿ!”

ಗುಮಾಸ್ತರು ಮೆಲ್ಲನೆ ಎದ್ದು ಕೈ ತೊಳೆದು ಬಂದರು. “ಸಾರ್, ಎದ್ದ ಎಲೆಗೆ ಮತ್ತೆ ಕೂರೋದು ಎಲ್ಲಾದರೂ ಉಂಟೇ? ಹೊಸ ಎಲೆ ಹಾಕ್ಸಿ, ಉಪ್ಪಿನಿಂದ ಬಡಿಸ್ಕೊಂಡು ಬನ್ನಿ.”

ಪಂಕ್ತಿಗೆ ಪಂಕ್ತಿಯೇ ಹೌದೌದು ಎಂದಿತು. ಮತ್ತೆ ಬಡಿಸಿದರು. ಮತ್ತೆ ಮೋಡ. ಮಧ್ಯಾಹ್ನ ತಿರುಗುವ ಹೊತ್ತಿಗೆ ನಾವು ಯಾರೂ ನಟಿಸುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಗುಮಾಸ್ತರೇ ಡೈರೆಕ್ಟರನ್ನು ಹತ್ತಿರ ಕರೆದು, “ಸಾರ್, ಶಾಸ್ತ್ರದಲ್ಲಿ ಒಂದು ರಿಯಾಯ್ತಿ ಇದೆ ಅಂತ ಈಗ ನೆನಪಾಯ್ತು,” ಎಂದರು.

ಸೌಟು ಎಲ್ಲಿಗೆ ಹೋಯಿತು

ಕೊನೆಯ ದಿನ ಡೈರೆಕ್ಟರು, “ಭಟ್ರೇ, ಸಾರು ರುಚಿ ನೋಡೋ ಹಾಗೆ ಸೌಟು ಎತ್ತಿ,” ಎಂದರು.

ಭಟ್ಟರು ಸೌಟು ಕೆಳಗಿಟ್ಟರು. “ಎಂಜಲು ಮಾಡೋ ಭಟ್ಟನ್ನ ಯಾರ್ರೀ ಮದುವೆಗೆ ಕರೀತಾರೆ? ಮೂಗಿನವರೆಗೆ ಎತ್ತುತ್ತೀನಿ. ಬಾಯಿವರೆಗೆ ಎತ್ತೋಲ್ಲ.”

“ಮೂಗೇ ಸಾಕು ಬಿಡಿ,” ಎಂದರು ಡೈರೆಕ್ಟರು.

ಚಿತ್ರ ನಮ್ಮ ಕಡೆಯ ಟೆಂಟಿಗೆ ಬಂದಾಗ ಬೀದಿಗೆ ಬೀದಿಯೇ ಹೋಯಿತು. ಪರದೆಯ ಮೇಲೆ ಭಟ್ಟರ ಬಲಗೈ, ನಾವೆಲ್ಲ ಬಲ್ಲ ಎಣ್ಣೆ ಸಿಡಿದ ಕಲೆ. ನಾವು ಚಪ್ಪಾಳೆ ತಟ್ಟಿದೆವು. ಕೈ ಸೌಟು ಎತ್ತಿತು. ಮರುಕ್ಷಣ ಹೀರೋ ಬಾಯಿ ಕಾಣಿಸಿತು, ಸುರ್ರೆಂದು ಹೀರಿ, ಕಣ್ಣು ಮುಚ್ಚಿ, “ಆಹಾ!” ಎಂದಿತು. ಎರಡನ್ನೂ ಅಂಟಿಸಿಬಿಟ್ಟಿದ್ದರು.

ಹೆಂಗಸರ ಕಡೆಯಿಂದ ಒಂದು ಅಜ್ಜಿಯ ದನಿ: “ಅಯ್ಯೋ ರಾಮ! ನಮ್ಮ ಭಟ್ಟರು ಎಂಜಲು ಮಾಡಿದ್ರಲ್ಲೇ!”

ಮುಂದಿನ ವಾರ ಭಟ್ಟರು ಅಡುಗೆಗೆ ಒಪ್ಪಿಕೊಂಡಿದ್ದ ದೊಡ್ಡ ಮದುವೆ ಆ ಅಜ್ಜಿಯ ಮೊಮ್ಮಗಳದೇ.

ಸಾಕ್ಷಿ

ಮರುದಿನ ಬೆಳಿಗ್ಗೆಯೇ ಅಜ್ಜಿ ಭಟ್ಟರ ಮನೆಗೆ ಬಂದು ಜಗಲಿಯಲ್ಲಿ ಕೂತರು. ನಾವೂ ಕಾಂಪೌಂಡಿನ ಬಳಿ ನಿಂತೆವು. ಆ ಮದುವೆ ತಪ್ಪಿದರೆ ಉಳಿದ ಮದುವೆಗಳೂ ಒಂದರ ಹಿಂದೊಂದು ತಪ್ಪುತ್ತವೆಂದು ಎಲ್ಲರಿಗೂ ಗೊತ್ತಿತ್ತು. ನಾನು ಮನಸ್ಸಿನಲ್ಲೇ ಬನಶಂಕರಮ್ಮನಿಗೆ ಒಂದು ನಿಂಬೆಹಣ್ಣಿನ ದೀಪದ ಹರಕೆ ಹೇಳಿಕೊಂಡೆ.

“ಅಮ್ಮಾ, ಕೈ ಮಾತ್ರ ನಂದು. ಬಾಯಿ ಮದರಾಸಿನವಂದು,” ಎಂದರು ಭಟ್ಟರು, ಕೈಮುಗಿದು.

“ಒಂದೇ ಮೈಗೆ ಒಬ್ಬರ ಕೈ, ಇನ್ನೊಬ್ಬರ ಬಾಯಿ ಎಲ್ಲಾದ್ರೂ ಇರುತ್ತೇನಪ್ಪ? ನಾಟಕದವರು ಬಣ್ಣ ಹಚ್ಚಿದ್ರೆ ಮುಖ ಯಾರದ್ದೋ ಆಗುತ್ತೆ. ಕೈಗೆ ಯಾರು ಹಚ್ತಾರೆ? ಕೈ ನಾನು ನೋಡಿದೀನಿ.”

ಡೈರೆಕ್ಟರು ನಮಗೆ ಹೇಳಿದ್ದ ವಿವರಣೆ, ನನ್ನ ಸಮಜಾಯಿಷಿ, ಗುಮಾಸ್ತರ ಶಾಸ್ತ್ರ, ಯಾವುದೂ ನಡೆಯಲಿಲ್ಲ. ಅಜ್ಜಿ ಎದ್ದೇಬಿಟ್ಟರು.

ಆಗ ಭಟ್ಟರ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಒಳಗಿನಿಂದ ಬಂದರು. “ಅಜ್ಜೀ, ಸಾರು ಕುಡಿದು ಆ ಬಾಯಿ ಏನಂತು?”

“‘ಆಹಾ’ ಅಂತು.”

“ಇವರನ್ನ ಕಟ್ಟಿಕೊಂಡಾಗಿನಿಂದ ದಿನಾ ಸಾರು ಬಡಿಸ್ತಿದೀನಿ. ‘ಆಹಾ’ ಹೋಗ್ಲಿ, ಒಂದು ‘ಹ್ಞೂಂ’ ಕೂಡ ಕೇಳಿಲ್ಲ. ದೇವರಾಣೆ, ಅದು ಇವರ ಬಾಯಲ್ಲ!”

ಅಜ್ಜಿ ಭಟ್ಟರ ಮುಖವನ್ನೇ ನೋಡಿದರು. ಯಾವುದೋ ಹಳೆಯ ಅಡುಗೆಮನೆ ನೆನಪಾಗಿರಬೇಕು. ಹಾಗೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮ ಯಜಮಾನರೂ ಹೀಗೇ ಇದ್ರು ಕಣೇ. ಇದಕ್ಕಿಂತ ಸಾಕ್ಷಿ ಬೇಡ. ಭಟ್ರೇ, ಸೋಮವಾರ ಬೆಳಗ್ಗೆಯೇ ಬಂದುಬಿಡಿ.”

ಆ ಮಧ್ಯಾಹ್ನ ಭಟ್ಟರ ಮನೆಯ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಸಾರು ಸುರಿದ ಸದ್ದಾಯಿತು. ಆಮೇಲೆ ಭಟ್ಟರ ದನಿ: “ಬೆಲ್ಲ ಒಂಚೂರು ಮುಂದಾಗಿದೆ.”

ಹೆಂಡತಿಯ ದನಿ: “ನೋಡಿದ್ರಾ? ಅಜ್ಜಿ ಇನ್ನೂ ತಿರುವಿನ ಮನೇಲಿ ಮಾತಾಡ್ತಾ ಕೂತಿದಾರೆ, ಅವರಿಗೂ ಕೇಳೋ ಹಾಗೆ ಗಟ್ಟಿಯಾಗಿ ಇನ್ನೊಂದ್ಸಲ ಹೇಳಿ.”

ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಿ. ಸಾರು ಬಡಿಸುವ ಹೊತ್ತಿಗೇ ಹೇಳಿ. ಕೇಳಿದ ಗಂಡಸರಲ್ಲಿ ಒಬ್ಬನಾದರೂ “ಆಹಾ” ಅಂದರೆ ಆ ಪುಣ್ಯ ಭಟ್ಟರ ಹೆಂಡತಿಗೆ ಸೇರಲಿ.