ಕರ್ಪೂರದ ಮಸಿ

ದೇವರಿಗೆ ಕೈಮುಗಿದು ಮನೆ ಬಿಟ್ಟರೂ ನನ್ನ ಕೈ ಲ್ಯಾಬಿನಲ್ಲಿ ಏನಾದರೊಂದು ಮಾಡದೆ ಬಿಡುವುದಿಲ್ಲ. ಊರ ಶಾಲೆಯಲ್ಲಿ ಕಲಿತಷ್ಟೇ ನನ್ನ ಓದು. ಕುಂದಾಣದಿಂದ ದಿನಾ ಬಂದು ದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಅಟೆಂಡರ್ ಕೆಲಸ ಮಾಡುತ್ತೇನೆ. ಅಲ್ಲಿ ಪಿಎಚ್‌ಡಿಗೆ ಬಂದಿದ್ದ ಹೊಸಕೋಟೆಯ ಮುಸ್ಲಿಂ ಹೆಣ್ಣುಮಗಳು, ನಮ್ಮ ಮೇಡಂ, ನನ್ನನ್ನು ಸಹಿಸಿಕೊಂಡ ಋಣ ದೊಡ್ಡದು.

ಉಜ್ಜಿದ್ದು

ಮೇಡಂ ಕರ್ಪೂರವನ್ನು ಕೊಳವೆಯಂಥ ಒಲೆಯಲ್ಲಿ ಆವಿ ಮಾಡಿ, ಸಿಲಿಕಾನ್ ಚೂರುಗಳ ಮೇಲೆ ಇಂಗಾಲದ ನಳಿಗೆಗಳನ್ನು ಬೆಳೆಸುತ್ತಿದ್ದರು. ಕೂದಲಿಗಿಂತ ಎಷ್ಟೋ ಪಾಲು ಸಣ್ಣವಂತೆ. ನಮ್ಮ ಕಣ್ಣಿಗೆ ಬರೀ ಮಸಿ. ಗಾಳಿ ತೆಗೆದ ಡಬ್ಬಿಯಲ್ಲಿಟ್ಟು ಕರೆಂಟು ಕೊಟ್ಟರೆ ಅವುಗಳ ತುದಿಯಿಂದ ಎಲೆಕ್ಟ್ರಾನು ಹಾರಿ, ಎದುರಿನ ಗಾಜು ಬೆಳಗಬೇಕು. ಬೆಳಗಿದರೆ ಡಿಗ್ರಿ.

ಇದೆಲ್ಲ ಗೊತ್ತಾಗುವ ಮೊದಲೇ, ಸೇರಿದ ವಾರದಲ್ಲಿ, ಮಸಿ ಹಿಡಿದ ಚೂರುಗಳನ್ನು ಕಂಡೆ. ಮನೆಯಲ್ಲಿ ದೀಪ ಉಜ್ಜಿದ ಅಭ್ಯಾಸ. ಹುಣಸೆಹಣ್ಣು ಹಾಕಿ ಫಳಫಳ ಮಾಡಿಟ್ಟೆ.

“ಅಣ್ಣಾ, ಇದರ ಮೇಲಿದ್ದದ್ದು?”

“ಎಲ್ಲಾ ಹೋಯ್ತು ಮೇಡಂ. ಒಂದು ಮಾತ್ರ ಬಹಳ ಹಟ ಮಾಡ್ತು.”

ಮೇಡಂ ಸ್ಟೂಲಿನ ಮೇಲೆ ಕೂತರು. “ಅದೇ ಅಣ್ಣಾ, ಚೆನ್ನಾಗಿ ಬೆಳೆದಿದ್ದು.”

ದೇವರ ಪಾಲು

ಬೈಯಲಿಲ್ಲವಲ್ಲ, ಆ ಕೃತಜ್ಞತೆಗೆ ಪ್ರತಿ ಶುಕ್ರವಾರ ಲ್ಯಾಬಿನ ಮೂಲೆಯ ದೇವರ ಪಟಕ್ಕೆ ಅವರ ಹೆಸರಲ್ಲಿ ಆರತಿ ಎತ್ತತೊಡಗಿದೆ. ಪರೀಕ್ಷಕರು ಬರುವ ಹಿಂದಿನ ದಿನ ಕರ್ಪೂರದ ಬಾಟಲಿ ಖಾಲಿ. ಕೊನೆಯ ಸಿಲಿಕಾನ್ ಚೂರಿನ ಮೇಲೆ ಇನ್ನೂ ನಳಿಗೆ ಬೆಳೆಸಬೇಕಿತ್ತು.

“ಒಲೆ ಇಷ್ಟೊಂದು ತಿನ್ನಲ್ಲ. ಎಲ್ಲಿ ಹೋಯ್ತಣ್ಣಾ?”

“ಅರ್ಧ ಒಲೆಗೆ, ಅರ್ಧ ದೇವರಿಗೆ ಮೇಡಂ. ನೀವು ಪಾಸಾಗ್ಲಿ ಅಂತ.”

“ನಾನು ಪಾಸಾಗ್ಬೇಕಾದ್ರೆ ಅದು ವಾಪಸ್ ಬರ್ಬೇಕಲ್ಲಾ!”

ಮನೆಗೆ ಓಡಿ ಪೂಜೆ ಗೂಡಿನ ಕರ್ಪೂರದ ಪೊಟ್ಟಣ ಎತ್ತಿಕೊಂಡೆ. ಹೆಂಡತಿ ಅಡ್ಡ ನಿಂತಳು. “ಆ ಒಲೇಲಿ ಯಾವ ದೇವ್ರು ಕೂತವ್ನೆ?”

“ಗೊತ್ತಿಲ್ಲ ಕಣೇ. ನಾಳೆ ಬೆಳಕು ಬಂದ್ರೆ ಗೊತ್ತಾಗ್ತದೆ.”

“ಹಂಗಾದ್ರೆ ಗಂಟೇನೂ ತಗೊಂಡ್ಹೋಗಿ.”

ಗಾಜು

ಅಂಗಡಿ ಕರ್ಪೂರದಲ್ಲಿ ಏನೇನು ಬೆರೆತಿದೆಯೋ ಎಂದು ಮೇಡಂಗೆ ಅಂಜಿಕೆ. ಆದರೂ ಅದರಲ್ಲೇ ಬೆಳೆಸಿದರು. ಮಾರನೆಯ ದಿನ ಪರೀಕ್ಷಕರು ಬಂದರು. ಹಿರಿಯರು, ನಗುವೆಂಬುದಿಲ್ಲ. ಲೈಟು ಆರಿಸಿದರು. ಮೇಡಂ ನಿಧಾನವಾಗಿ ಗುಂಡಿ ತಿರುಗಿಸಿದರು. ಏನೂ ಇಲ್ಲ. ಇನ್ನಷ್ಟು ತಿರುಗಿಸಿದರು. ಮನಸ್ಸಿನಲ್ಲೇ ನಾನು ಎಲ್ಲ ದೇವರನ್ನೂ ಕರೆದೆ. ಮೇಡಂ ತುಟಿಯೂ ಏನನ್ನೋ ಹೇಳಿಕೊಳ್ಳುತ್ತಿತ್ತು.

ಗಾಜಿನ ಮೇಲೆ ಹಸಿರು ಚುಕ್ಕಿಯೊಂದು ಮೂಡಿತು. ಆಮೇಲೆ ಹತ್ತು. ಆಮೇಲೆ ಇಡೀ ಗಾಜೇ ಬೆಳಗಿತು!

ನನ್ನ ಕೈ ತಡೆಯಲಿಲ್ಲ. ಮಂಗಳಾರತಿಗೆ ಚಾಚುವಂತೆ ಎರಡೂ ಕೈ ಗಾಜಿನತ್ತ ಚಾಚಿ ಕಣ್ಣಿಗೊತ್ತಿಕೊಂಡೆ. ಮೇಡಂ ಮುಖ ಬಿಳುಚಿತು. ಪರೀಕ್ಷಕರು ನನ್ನನ್ನೇ ನೋಡಿದರು. “ಏನಪ್ಪಾ ಇದು?”

“ಕರ್ಪೂರದ ಬೆಳಕಲ್ವಾ ಸ್ವಾಮಿ.”

ಅವರು ಗಾಜಿನ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು, ತಾವೂ ಗಾಜಿನತ್ತ ಕೈ ಚಾಚಿ, ಕಣ್ಣಿಗೊತ್ತಿಕೊಂಡು, ಜೇಬಿಗೆ ಕೈ ಹಾಕಿದರು.

“ಡಾಕ್ಟರ್ ಮೇಡಂ, ಬೆಳಕೇನೋ ಬಂತು. ತಟ್ಟೆ ಎಲ್ಲಮ್ಮಾ?”