ಚಾಚಾ ಮುಟ್ಟಿದ ವಿಮಾನ

ಫೋಟೋ ಸ್ಟುಡಿಯೋ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಾಗಿಲಿಗೆ ಬರುತ್ತದೆ. ‘ನಗ್ರಿ’ ಅಂದಾಗ ಮಾತ್ರ ಯಾರೂ ನಗುವುದಿಲ್ಲ, ಅಷ್ಟೇ.

ಎಂಬತ್ತು-ತೊಂಬತ್ತರ ದಶಕದಲ್ಲಿ ಬ್ಯಾಡಗಿಯಲ್ಲಿ ನನ್ನ ಸ್ಟುಡಿಯೋ ಇತ್ತು. ಹಿಂದಿನ ಪರದೆ ಬರೆಯುತ್ತಿದ್ದವರು ಹಾವೇರಿಯ ಪೇಂಟರ್ ಚಾಚಾ. ರದ್ದಿ ಅಂಗಡಿಯಲ್ಲಿ ಅವರಿಗೆ ಅಮೆರಿಕದ ಯುದ್ಧವಿಮಾನಗಳ ಚಿತ್ರಪುಸ್ತಕವೊಂದು ಸಿಕ್ಕಿತ್ತು. ಅಂದಿನಿಂದ ಪರದೆಯ ಮೇಲೆ ತಾಜಮಹಲು ಮಾಯವಾಗಿ ವಿಮಾನ ಬಂತು.

“ಮಾಲಕರ, ಇಷ್ಟೆಲ್ಲಾ ವಿಮಾನ ಬರದೇನಿ. ಸಾಯೂದ್ರೊಳಗ ಹಾರೂದೊಂದನ್ನ ಕೈಲೆ ಮುಟ್ಟಬೇಕು ನೋಡ್ರಿ,” ಅನ್ನುತ್ತಿದ್ದರು. ಬೇರೆ ಆಸೆಯೇ ಇರಲಿಲ್ಲ ಆ ಮನುಷ್ಯನಿಗೆ.

೧. ಸೆರಗಿನ ಚಿಂತೆ

ಮೊದಲ ಪರದೆ, ಅಮೆರಿಕದ ಸೈನ್ಯ ಕೊಂಡ ಮೊಟ್ಟಮೊದಲ ವಿಮಾನ. ಒಂದರ ಮೇಲೊಂದು ರೆಕ್ಕೆ, ಗೋಡೆಯಿಲ್ಲ, ಚಾವಣಿಯಿಲ್ಲ, ಹಿಂದೆ ಎರಡು ಪಂಖ. ರಾಣೆಬೆನ್ನೂರಿನ ಹೊಸ ಜೋಡಿಯನ್ನು ಅದರ ಮುಂದೆ ಕೂರಿಸಿದೆ. ಹುಡುಗಿಯ ತಂದೆ ಅಡ್ಡ ಬಂದರು.

“ಸೆರಗು ಪಂಖಾದಾಗ ಸಿಕ್ಕೊಂಡ್ರ ಯಾರ್ರಿ ಜವಾಬ್ದಾರಿ?”

ಚಾಚಾ ಬ್ರಷ್ ಎತ್ತಿಕೊಂಡು, ಎರಡೂ ಪಂಖಕ್ಕೆ ಟೇಬಲ್ ಫ್ಯಾನಿನ ಜಾಲರಿ ಬರೆದರು. ಆಮೇಲೆಯೇ ಮಾವನವರು ನಕ್ಕದ್ದು.

೨. ಸದ್ದಿಗಿಂತ ಮುಂದೆ

ಎರಡನೆಯದು, ಸದ್ದಿನ ವೇಗವನ್ನು ಮೊದಲು ಮೀರಿದ ವಿಮಾನ. ಕದರಮಂಡಲಗಿ ಬಸ್ಸಿನ ಡ್ರೈವರ್ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಪರದೆ ನೋಡುತ್ತ ನಿಂತರು.

“ಇದು ಸದ್ದಿಗಿಂತ ಮುಂದ ಹೋಗತೈತ್ರಿ,” ಅಂದರು ಚಾಚಾ ಹೆಮ್ಮೆಯಿಂದ.

“ನಮ್ಮದು ಉಲ್ಟಾ ನೋಡ್ರಿ ಚಾಚಾ. ಸದ್ದು ಮೊದಲ ಊರು ಮುಟ್ಟತೈತಿ, ಬಸ್ಸು ಅರ್ಧಾ ತಾಸಿನ ಮ್ಯಾಲೆ.”

೩. ಕಾಣದ ವಿಮಾನ

ಕೊಲ್ಲಿ ಯುದ್ಧದ ಕಾಲಕ್ಕೆ ಮೆಣಸಿನಕಾಯಿ ಸಾಹುಕಾರರೊಬ್ಬರು ಬಂದು, ಟಿವಿಯಲ್ಲಿ ತೋರಿಸುವ, ರಡಾರಿಗೆ ಕಾಣದ ಕರಿ ವಿಮಾನದ ಮುಂದೆಯೇ ಕೂರುತ್ತೇನೆಂದು ಹಟ ಹಿಡಿದರು. ಅದರಿಂದ ಬಾಂಬು ಬೀಳುವುದನ್ನು ಟಿವಿಯಲ್ಲಿ ನೋಡಿದ ಮೇಲೆ ಚಾಚಾಗೆ ಅದನ್ನು ಬರೆಯುವ ಮನಸ್ಸಿರಲಿಲ್ಲ. ಬರೇ ಕರಿ ಪರದೆ ಇಳಿಬಿಟ್ಟರು.

“ವಿಮಾನ ಎಲ್ಲೈತಿ?”

“ಕಂಡ್ರ ಅದು ಕಾಣದ ವಿಮಾನ ಹೆಂಗಾದೀತ್ರಿ, ಸಾಹುಕಾರ್ರ?”

ಸಾಹುಕಾರರು ಆ ಫೋಟೋಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಬಿಟ್ಟರು. ಬಂದವರಿಗೆಲ್ಲ ವಿಮಾನ ಇರುವ ಜಾಗ ತೋರಿಸುತ್ತಿದ್ದರಂತೆ.

೪. ಮುಟ್ಟೇನಿ!

ಇದನ್ನು ನೆನೆದರೆ ಈಗಲೂ ನಗು ಬರುತ್ತದೆ. ಜೊತೆಗೆ ನಗಲು ಚಾಚಾ ಇಲ್ಲವಲ್ಲ ಅಂತ ಸಂಕಟವೂ ಆಗುತ್ತದೆ.

ಚುನಾವಣೆಗೆ ಬ್ಯಾಡಗಿಗೆ ಹೆಲಿಕಾಪ್ಟರ್ ಬರುವುದಿತ್ತು. ಚಾಚಾ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬಂದರು. ಮುಟ್ಟಲು ಪೊಲೀಸರ ಒಪ್ಪಿಗೆಯನ್ನೂ ಕೇಳಿ ಇಟ್ಟಿದ್ದರು. ಎಲ್ಲ ಸರಿಯಿತ್ತು, ಆದರೆ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಒಣಹಾಕಿದ್ದು ಯಾರ ತಲೆಗೂ ಹೊಳೆದಿರಲಿಲ್ಲ.

ಹೆಲಿಕಾಪ್ಟರ್ ಇನ್ನೂ ಕೆಳಗಿಳಿಯುತ್ತಿದ್ದಂತೆಯೇ ಅದರ ಗಾಳಿಗೆ ಮೆಣಸಿನಕಾಯಿ, ಬೀಜ, ಘಾಟು ಎಲ್ಲ ಎದ್ದಿತು. ಪೊಲೀಸರು ಸೀನಿದರು, ಪುಢಾರಿಗಳು ಸೀನಿದರು, ಬ್ಯಾಂಡಿನವರು ಊದುವುದು ಬಿಟ್ಟು ಸೀನಿದರು. ಯಾರಿಗೂ ಕಣ್ಣು ಬಿಡಲಾಗಲಿಲ್ಲ. ಚಾಚಾ ಮಾತ್ರ ಕಣ್ಣು ಮುಚ್ಚಿಕೊಂಡೇ ಕೈಚಾಚಿ ಓಡಿದರು.

“ಮುಟ್ಟೇನ್ರಿ ಮಾಲಕರ! ಮುಟ್ಟೇನಿ!”

ಕಣ್ಣು ಬಿಟ್ಟು ನೋಡಿದರೆ ಹೆಲಿಕಾಪ್ಟರ್ ನೆಲ ಮುಟ್ಟದೆ ವಾಪಸು ಹೋಗಿತ್ತು. ಚಾಚಾ ಎರಡೂ ಕೈಯಿಂದ ಸವರುತ್ತಿದ್ದದ್ದು ಕಾವಲಿಗೆ ನಿಂತ ಬೆಂಕಿ ಆರಿಸುವ ಗಾಡಿಯನ್ನು. ಚಾಚಾ ಗಾಡಿಯನ್ನೊಮ್ಮೆ, ಖಾಲಿ ಆಕಾಶವನ್ನೊಮ್ಮೆ ನೋಡಿ ಕಣ್ಣೊರೆಸಿಕೊಂಡರು.

“ಇದ ನೋಡ್ರಿ ಖರೇ ಕಾಣದ ವಿಮಾನ! ಬ್ಯಾಡಗಿ ಮೆಣಸಿನಕಾಯಿ ಒಂದು ಚೀಲ ಒಯ್ದಿದ್ರ ಮುಗೀತಿತ್ತು, ಅಮೆರಿಕದವ್ರು ಸುಮ್ಮನ ಖರ್ಚು ಮಾಡ್ಯಾರ.”