ಅನಧಿಕೃತ ತಂಪು

ಒಮ್ಮೆ ರಿಪೇರಿಯಾದ ವಾಹನವು ಕೆಟ್ಟಿರಲು ಸಾಧ್ಯವಿಲ್ಲ ಎಂಬುದು ಮೂಡಲಗಿ ಭಾಗದ ಒಂದು ಹಾಲು ಸಂಘದ ಅಧಿಕೃತ ನಿಲುವಾಗಿತ್ತು. ೧೯೯೮ರ ಬೇಸಿಗೆಯಲ್ಲಿ ಸಂಘದ ಲಾರಿಯು ಗೋಕಾಕದ ಗ್ಯಾರೇಜಿನಲ್ಲಿ ಹಿಂದಿನ ಗಾಲಿ ತಿರುಗಿಸುವ ಹೊಸ ಹಲ್ಲುಚಕ್ರಗಳನ್ನು, ಅಂದರೆ ಕ್ರೌನ್ ಮತ್ತು ಪಿನಿಯನ್, ಹಾಕಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ಮರಳಿ ಬಂತು. ಮರುದಿನ ಹುಕ್ಕೇರಿಯ ಶೀತಲೀಕರಣ ಕೇಂದ್ರಕ್ಕೆ ಹಾಲಿನ ಕ್ಯಾನು ಹೇರಿಕೊಂಡು ಹೊರಟ ಚಾಲಕ ಲಗಮಣ್ಣನಿಗೆ, ಅರಭಾವಿ ಬರುವಷ್ಟರಲ್ಲಿ ಎಣ್ಣೆ ಸುಟ್ಟ ವಾಸನೆ ಬಡಿಯಿತು.

ಇಳಿದು ನೋಡಿದ. ಹಿಂದಿನ ಗಾಲಿಗಳ ನಡುವೆ ಆ ಹಲ್ಲುಚಕ್ರಗಳಿರುವ ದುಂಡನೆಯ ಡಿಫರೆನ್ಷಿಯಲ್ ಮೇಲೆ ನೀರು ಚಿಮುಕಿಸಿದರೆ ಒಗ್ಗರಣೆ ಹಾಕಿದಂತೆ ಚುಂಯ್ ಎಂದಿತು. ಗಾಲಿಗಳು ತಣ್ಣಗಿದ್ದವು, ಆದ್ದರಿಂದ ಬ್ರೇಕಿನದು ತಪ್ಪಿಲ್ಲ. ಎಣ್ಣೆಯೂ ಭರ್ತಿ ಇತ್ತು. ಹಾಲು ಮುಟ್ಟಿಸಿ, ಬರುವಾಗ ನೇರ ಗ್ಯಾರೇಜಿಗೆ ಹೋದ.

ಮೇಸ್ತ್ರಿ ಮಲ್ಲೇಶ ಸುಳ್ಳು ಹೇಳುವ ಮನುಷ್ಯನಲ್ಲ. "ಪಿನಿಯನ್ ಬೇರಿಂಗಿನ ನಟ್ ನಾನ ಜಾಸ್ತಿ ಬಿಗದೇನಿ ಲಗಮಣ್ಣ. ಸಡ್ಲ ಮಾಡಿದ್ರ ಮುಗೀತು. ನಿಮ್ಮ ಅಧ್ಯಕ್ಷರನ್ನ ಒಂದ್ ಮಾತ ಕೇಳಿ ಬಾ."

ದೋಷ ಯಾವುದು, ಮಾಡಿದವರು ಯಾರು, ಪರಿಹಾರವೇನು ಎಂಬುದೆಲ್ಲ ಒಂದೇ ದಿನದಲ್ಲಿ ತಿಳಿದುಹೋದ ಕಾರಣ, ಸಂಘವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅಧ್ಯಕ್ಷ ವೀರಪ್ಪನವರೇ ಅದರ ಮುಖ್ಯಸ್ಥರಾದರು.

"ಬಿಗದಾನ ಅಂತ ನಾವು ಬಿಲ್ ಪಾಸ್ ಮಾಡೇವಿ," ಎಂದರು ವೀರಪ್ಪನವರು. "ಈಗ ಸಡ್ಲ ಮಾಡಿದ್ರ, ಪಾಸ್ ಆದ ಕೆಲಸಾನ ಬಿಚ್ಚಿದಂಗಾತು. ಆಡಿಟಿನವ್ರು ಕೇಳಿದ್ರ ಏನ್ ಹೇಳೂದು?"

"ಅಣ್ಣಾರ, ಗಾಲಿ ಜಾಮ್ ಆದ್ರ ಲಾರಿ ಹಳ್ಳಕ್ಕ ಬೀಳತೈತ್ರಿ," ಎಂದ ಲಗಮಣ್ಣ.

"ಬಿದ್ರ ಅದು ಬ್ಯಾರೆ ಪ್ರಕರಣ."

ಆದರೂ ನ್ಯಾಯ ನ್ಯಾಯವೇ. ವೀರಪ್ಪನವರು ಸ್ವತಃ ಲಾರಿಯ ಕೆಳಗೆ ಬಗ್ಗಿ ಡಿಫರೆನ್ಷಿಯಲ್ ಮುಟ್ಟಿ, ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. "ಬಿಸಿ ಐತೇನ್ರಿ?" ಎಂದು ಕಾರ್ಯದರ್ಶಿ ಗೊಮ್ಮಟೇಶ ಪೆನ್ನು ಹಿಡಿದು ಕೇಳಿದ. "ಸುಡತೈತೋ" ಎಂದರು. ಗೊಮ್ಮಟೇಶ ಹೀಗೆ ಬರೆದುಕೊಂಡ: 'ಸುಡುತ್ತಿರುವುದು ಕಂಡುಬಂದಿದೆ. ಬಿಸಿಯ ಕುರಿತು ಅಧ್ಯಕ್ಷರು ಅಭಿಪ್ರಾಯ ನೀಡಿರುವುದಿಲ್ಲ.'

ಮುಂದಿನ ವಾರ ಪ್ರಕಟಣೆ ಹೊರಬಿತ್ತು. 'ಸಂಘದ ವಾಹನವು ಕಾಯುವುದನ್ನು ಸಕ್ರಮಗೊಳಿಸಲಾಗಿದೆ. ಅದು ಪ್ರತಿದಿನ ಅರಭಾವಿಯಲ್ಲಿ ತಂಗಿ, ತಣಿದು, ಮುಂದುವರಿಯತಕ್ಕದ್ದು. ವಿಳಂಬದಿಂದ ಒಡೆಯುವ ಹಾಲನ್ನು ಒಡೆದ ಹಾಲೆಂದು ಹೀಯಾಳಿಸದೆ, ಮೊಸರಿನತ್ತ ಪ್ರಗತಿಯಲ್ಲಿರುವ ಹಾಲು ಎಂದು ನಮೂದಿಸತಕ್ಕದ್ದು.'

ತಣಿಸುವ ಹುದ್ದೆಗೆ ವೀರಪ್ಪನವರ ಅಳಿಯ ಮಾಲಿಂಗಪ್ಪ ಆಯ್ಕೆಯಾದ. ಅವನಿಗೆ ಕೊಡ ಎತ್ತಿದರೆ ನಡ ಹಿಡಿಯುತ್ತಿದ್ದುದರಿಂದ ನೀರು ಹೊಯ್ಯಲು ಕೈಕೆಳಗೆ ಒಬ್ಬ ಆಳು ಬಂದ. ಲಾರಿ ನಿಲ್ಲುವ ಜಾಗದಲ್ಲೇ ವೀರಪ್ಪನವರ ತಂಗಿ ಶಂಕ್ರವ್ವ ಚಹಾದಂಗಡಿ ಇಟ್ಟಳು. ತೋಟಗಾರಿಕೆ ಕಾಲೇಜಿನ ಹುಡುಗರು ಬಸ್ಸು ತಪ್ಪಿದರೆ ಚಿಂತೆಯಿಲ್ಲವೆಂದು ಅಲ್ಲೇ ಚಹಾ ಕುಡಿಯುತ್ತ, ಲಾರಿ ಆರುವುದನ್ನು ಕಾದು, ಹಿಂದೆ ಹತ್ತಿ ಹೋಗತೊಡಗಿದರು.

ಲಗಮಣ್ಣನ ಹೆಂಡತಿ ಉದ್ದವ್ವನ ಎಮ್ಮೆಯ ಹಾಲೂ ಅದೇ ಕ್ಯಾನುಗಳಲ್ಲಿ ಹೋಗುತ್ತಿತ್ತು. "ನಾ ಹಿಂಡಿದ್ದು ಹಾಲು, ಅವ್ರು ಬರದಿದ್ದು ಪ್ರಗತಿ," ಎಂದಳು ಅವಳು. "ಎಮ್ಮಿಗಿ ಏನಂತ ಹೇಳ್ಲಿ?"

ಆ ಮಾತು ಲಗಮಣ್ಣನಿಗೆ ತಾಗಿತು. ರವಿವಾರ ಯಾರಿಗೂ ಹೇಳದೆ ಲಾರಿಯನ್ನು ಗ್ಯಾರೇಜಿಗೆ ಒಯ್ದ. ಮಲ್ಲೇಶ ನಟ್ ಸಡಿಲಿಸಿ, ಪಿನಿಯನ್ ಕೈಯಲ್ಲಿ ತಿರುಗಿಸಿ ನೋಡಿ, "ಈಗ ಹಗರ ಆತು" ಎಂದ. ಸೋಮವಾರ ಲಾರಿ ಅರಭಾವಿಯಲ್ಲಿ ನಿಲ್ಲದೆ, ಕೊಡ ಹಿಡಿದು ನಿಂತ ಆಳನ್ನೂ ಕೈ ಬೀಸಿದ ಹುಡುಗರನ್ನೂ ದಾಟಿ, ಹುಕ್ಕೇರಿಗೆ ಹೋಗಿ ಮುಟ್ಟಿತು. ಹಾಲು ಹಾಲಾಗಿಯೇ ಇತ್ತು. ಅಷ್ಟು ಬೇಗ ಬರುತ್ತದೆಂದು ಯಾರಿಗೂ ಗೊತ್ತಿರದ ಕಾರಣ ಕೇಂದ್ರದ ಗೇಟಿಗೆ ಕೀಲಿ ಬಿದ್ದಿತ್ತು.

ಸಂಜೆಗೆ ನೋಟಿಸು ಬಂತು. 'ಅನುಮತಿಯಿಲ್ಲದೆ ವಾಹನವನ್ನು ತಣ್ಣಗಿಟ್ಟ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?'

ವೀರಪ್ಪನವರು ಸಿಟ್ಟಾಗಲಿಲ್ಲ. ಲಗಮಣ್ಣನನ್ನು ಬಾಜೂಕ ಕೂರಿಸಿಕೊಂಡರು. "ಮಾಲಿಂಗಪ್ಪನ ಪಗಾರ, ಆ ಆಳಿನ ಕೂಲಿ, ಶಂಕ್ರವ್ವನ ಚಾ. ಎಷ್ಟ ಮನಿ ಒಲಿ ಆ ಬಿಸಿ ಮ್ಯಾಲ ಉರಿಯಾಕತ್ತಾವು, ನೀನ ವಿಚಾರ ಮಾಡು. ಲಾರಿ ಖರೇನ ತಣ್ಣಗೈತೇನು?"

ಲಗಮಣ್ಣ ಆ ಒಲೆಗಳ ಸಾಲಿನಲ್ಲಿ ತನ್ನ ಮನೆಯದನ್ನೂ ಎಣಿಸಿದ.

"ಕಾಯತೈತ್ರಿ," ಎಂದ.

ಅಂದಿನಿಂದ ಎಲ್ಲ ಸುರಳೀತವಾಗಿದೆ. ಉದ್ದವ್ವ ಸಂಘಕ್ಕೆ ಹಾಲು ಹಾಕುವುದನ್ನು ಬಿಟ್ಟು ಶಂಕ್ರವ್ವನ ಅಂಗಡಿಗೆ ದಿನಾ ಹಾಲು ಕೊಡುವ ವರ್ತನೆ ಹಚ್ಚಿದ್ದಾಳೆ. ಆ ಹಾಲು ಅದೇ ಲಾರಿಯಲ್ಲಿ ಬರುತ್ತದೆ, ಅರಭಾವಿಯ ತನಕ ಒಡೆಯುವುದಿಲ್ಲ. ಆಳು ತಣ್ಣನೆಯ ಡಿಫರೆನ್ಷಿಯಲ್ ಮೇಲೆ ತಣ್ಣೀರು ಹೊಯ್ಯುತ್ತಾನೆ. ಮಾಲಿಂಗಪ್ಪ ದೂರದಲ್ಲಿ ಕುಳಿತು ನಿಗಾ ವಹಿಸುತ್ತಾನೆ.

"ಇವತ್ತ ಆರಾಕ ಭಾಳ ಹೊತ್ತ ಹಿಡೀತಲ್ಲ?" ಎಂದು ಅವನು ಒಮ್ಮೊಮ್ಮೆ ಕೇಳುವುದುಂಟು.

"ಬ್ಯಾಸಗಿ ಐತ್ರಿ," ಎಂದು ಲಗಮಣ್ಣ ಕಪ್ಪಿನ ಕೆಳಗಿನ ಬಸಿಗೆ ಇನ್ನಷ್ಟು ಚಹಾ ಸುರಿದುಕೊಳ್ಳುತ್ತಾನೆ.